ಸಕ್ಕರೆಗಾಗಿ ಬರೆಸಿದ ಮಗ

ಇಪ್ಪತ್ತೆರಡು ವರ್ಷಗಳಲ್ಲಿ ಹರಿಶ್ಚಂದ್ರನ ಕಾವಲಿಯ ಮೇಲೆ ಒಂದೇ ಒಂದು ದೋಸೆ ಸೀದುಹೋಗಿದೆ. ಅದು ಕಳೆದ ಜನವರಿಯ ಒಂದು ಮಂಗಳವಾರ, ಬೆಳಿಗ್ಗೆ ಎಂಟೂ ಹತ್ತಕ್ಕೆ. ನಾನು ಹೋಟೆಲಿನ ದುಡ್ಡಿನ ಗಲ್ಲೆಯಲ್ಲಿ ಕುಳಿತಿದ್ದೆ. ಸೀದ ವಾಸನೆ ಮೂಗಿಗೆ ಬಡಿದದ್ದೇ, "ಗ್ಯಾಸು ಜಾಸ್ತಿ ಮಾಡಿದ್ದು ಯಾರು?" ಎಂದು ಕಿರುಚಿದೆ. ನಾನು ಕಿರುಚುವುದು ಹೊಸತಲ್ಲ. ಡೊಂಬಿವಲಿ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಕೇಳಿಸದಿದ್ದರೂ ಪ್ರಭಕ್ಕನ ಸ್ವರ ಕೇಳಿಸುತ್ತದೆ ಎಂದು ಗಿರಾಕಿಗಳೇ ತಮಾಷೆ ಮಾಡುತ್ತಾರೆ. ಎದ್ದು ಹೋಗಿ ನೋಡಿದರೆ ಹರಿಶ್ಚಂದ್ರ ನೆಲದ ಮೇಲೆ ಕುಳಿತಿದ್ದ. ಎಡಗೈಯಲ್ಲಿ ಎದೆ ಒತ್ತಿ ಹಿಡಿದಿದ್ದ, ಬಲಗೈಯ ಸಟ್ಟುಗ ಬಿಟ್ಟಿರಲಿಲ್ಲ. ಮುಖವೆಲ್ಲ ಬೆವರು.

"ಅಕ್ಕ, ಎರಡನೇ ಟೇಬಲಿನ ಮಸಾಲೆ ಸೀದು ಹೋಯ್ತು," ಎಂದ. "ಬೇರೆ ಹಾಕ್ತೇನೆ, ಒಂದು ನಿಮಿಷ."

ಇಂಥ ಮನುಷ್ಯನಿಗೆ ಏನು ಹೇಳುವುದು, ನೀವೇ ಹೇಳಿ! ಸಟ್ಟುಗ ಕಿತ್ತುಕೊಂಡು ಎಸೆದೆ, ರಿಕ್ಷಾ ಕರೆಸಿದೆ.

ನಮ್ಮದು ಡೊಂಬಿವಲಿ ಪೂರ್ವದ ಆರು ಮೇಜಿನ ಸಸ್ಯಾಹಾರಿ ಹೋಟೆಲು. ಉಡುಪಿಯಿಂದ ಬಂದ ನನ್ನ ಮಾವ ಕಟ್ಟಿದ್ದು. ಅವರು ತೀರಿಕೊಂಡ ಮೇಲೆ ನನ್ನ ಗಂಡ ಮುರಾರಿಯೂ ನಾನೂ ನಡೆಸುತ್ತಿದ್ದೇವೆ. ಹರಿಶ್ಚಂದ್ರ ಇಲ್ಲಿಗೆ ಬಂದಾಗ ಅವನಿಗೆ ಹದಿನೇಳು ವರ್ಷ. ಕಾಪುವಿನ ಹತ್ತಿರದ ಮೀನುಗಾರರ ಮನೆಯವನು, ಆದರೆ ದೋಣಿ ಹತ್ತಿದರೆ ವಾಂತಿ. ಕಡಲಿಗೆ ಆಗದವನು ಬೊಂಬಾಯಿಗಾದರೂ ಆಗಲಿ ಎಂದು ಬಾಗಿ ಎಂಬ ಅವನ ತಾಯಿ ಬಸ್ಸು ಹತ್ತಿಸಿದಳಂತೆ. ಇಲ್ಲಿ ಬಂದು ಮೇಜು ಒರೆಸಿದ, ಲೋಟ ತೊಳೆದ, ಹಿಟ್ಟು ರುಬ್ಬಿದ. ನನ್ನ ಮಾವ ಮಡಿಯ ಮನುಷ್ಯ. ಅವನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲು ಅವರಿಗೆ ಹನ್ನೊಂದು ವರ್ಷ ಬೇಕಾಯಿತು. ಅದೂ ಒಂದು ದಿನ ಅಡುಗೆ ಭಟ್ಟರು ಜಗಳವಾಡಿ ಭಿವಂಡಿಯ ಯಾವುದೋ ಕ್ಯಾಂಟೀನಿಗೆ ಓಡಿಹೋದದ್ದರಿಂದ. ಅವತ್ತು ಹರಿಶ್ಚಂದ್ರ ಹಾಕಿದ ಮೊದಲ ದೋಸೆಯನ್ನು ತಿಂದ ಗಿರಾಕಿ ಎರಡನೆಯದು ಕೇಳಿದ. ಮಾವ ತೆಪ್ಪಗಾದರು.

ಅವನಲ್ಲಿ ಒಂದೇ ದೋಷ. ಸುಳ್ಳು ಹೇಳಲು ಬಾರದು. ಹೆಸರಿಟ್ಟವರ ತಪ್ಪೋ ಏನೋ, ಗಿರಾಕಿ "ಚಟ್ನಿ ತಾಜಾ ಇದೆಯಾ?" ಎಂದು ಕೇಳಿದರೆ, "ಕೆಂಪು ಚಟ್ನಿ ನಿನ್ನೆದ್ದು, ಬಿಳಿ ತಗೊಳ್ಳಿ," ಎನ್ನುತ್ತಾನೆ. ಮಾವ ಅವನಿಗೆ ಹೊಡೆಯಲು ಹೋದದ್ದುಂಟು. ಮದುವೆಯಾಗಲಿಲ್ಲ. ಹೋಟೆಲಿನ ಅಟ್ಟದ ಮೇಲೆ ಮಲಗಿಯೇ ಮೂವತ್ತಮೂರು ವರ್ಷ ಕಳೆದ.

ವಾರದ ರಜೆಯ ದಿನ ಅವನಿಗೆ ಇನ್ನೊಂದು ಉದ್ಯೋಗವಿತ್ತು. ರಸ್ತೆ ಕೂಡುವ ನಾಕಾದಲ್ಲಿ ಕೂಲಿಗೆ ನಿಲ್ಲುವ ಕನ್ನಡದವರು, ಇತರ ಹೋಟೆಲಿನ ಕ್ಲೀನರುಗಳು, ಬಿಲ್ಡಿಂಗಿನ ವಾಚ್‌ಮನ್ನರು, ಯಾರಿಗೆ ಕಾಯಿಲೆಯಾದರೂ ಹರಿಶ್ಚಂದ್ರ ಜೊತೆಗೆ ಹೋಗಬೇಕು. ಠಾಣೆಯ ಆಸ್ಪತ್ರೆ, ಕಲ್ಯಾಣದ ಆಸ್ಪತ್ರೆ, ಎಲ್ಲಿ ಚೀಟಿ ಬರೆಸಬೇಕು, ಯಾವ ಕಿಟಕಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಆಗ ಸರಕಾರದ ಆರೋಗ್ಯ ಯೋಜನೆಗೆ ರೇಶನ್ ಕಾರ್ಡಿನ ಬಣ್ಣ ನೋಡುತ್ತಿದ್ದರು. ಹಳದಿ ಆಗುತ್ತದೆ, ಕೇಸರಿ ಆಗುತ್ತದೆ, ಬಿಳಿ ಆಗುವುದಿಲ್ಲ, ಕರ್ನಾಟಕದ್ದಂತೂ ಆಗುವುದೇ ಇಲ್ಲ. ಎಷ್ಟೋ ಜನರನ್ನು ಕರೆದುಕೊಂಡು ಹೋಗಿ, ಬೈಸಿಕೊಂಡು, ಊರಿನ ಬಸ್ಸು ಹತ್ತಿಸಿ ಬಂದಿದ್ದಾನೆ. ಬಂದವನೇ ನನ್ನ ಹತ್ತಿರ, "ಬಣ್ಣ ಸರಿ ಇರ್ಲಿಲ್ಲ ಅಕ್ಕ," ಎಂದು ಹೇಳಿ ಹಿಟ್ಟು ಕಲಸಲು ಕೂರುತ್ತಿದ್ದ. ಅಷ್ಟೆಲ್ಲ ಜನರ ಕಾರ್ಡು ನೋಡಿದವನಿಗೆ, ತನ್ನದೆಲ್ಲಿ ಎಂದು ಒಂದು ದಿನವೂ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ, ಅಥವಾ ಹೊಳೆಯಬಾರದೆಂದು ಸುಮ್ಮನಿದ್ದೆವು.

ಮಂಗಳವಾರ ನಮ್ಮ ಬೀದಿಯ ಡಾಕ್ಟರು ನೋಡಿ, ತಡ ಮಾಡದೆ ನವಿ ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬುಧವಾರ ಮಧ್ಯಾಹ್ನದೊಳಗೆ ಎಲ್ಲ ತಪಾಸಣೆ ಮುಗಿಯಿತು. ಹೃದಯದ ಮೂರು ನಾಳ ಮುಚ್ಚಿವೆ, ಬೈಪಾಸ್ ಆಗಲೇಬೇಕು. ಖರ್ಚು ಕೇಳಿ ಮುರಾರಿ ಗೋಡೆ ಹಿಡಿದರು. ನಮ್ಮ ಹೋಟೆಲು ಮಾರಿದರೂ ಹೊಂದುವ ಮಾತಲ್ಲ, ಅದರ ಕಟ್ಟಡವೇ ಈಗಲೋ ಆಗಲೋ ಎಂದು ನಿಂತಿದೆ. ಡಾಕ್ಟರು ಒಳ್ಳೆಯವರು. "ಸರಕಾರಿ ಯೋಜನೆಯಲ್ಲಿ ಪುಕ್ಕಟೆ ಆಗುತ್ತದೆ. ಸೋಮವಾರ ಬೆಳಿಗ್ಗೆ ಒಂದು ಜಾಗ ಖಾಲಿ ಇದೆ, ಹಿಡಿದಿಡುತ್ತೇನೆ. ಶುಕ್ರವಾರ ಸಂಜೆ ಆರರೊಳಗೆ ಕಾಗದ ಪತ್ರ ಬರದಿದ್ದರೆ ಅದು ಮುಂದಿನವರಿಗೆ ಹೋಗುತ್ತದೆ. ಆಮೇಲಿನ ಜಾಗ ಯಾವಾಗ ಎಂದು ಹೇಳಲಾರೆ, ಈ ಹೃದಯ ಅಷ್ಟು ದಿನ ಕಾಯುತ್ತದೆಂದೂ ಹೇಳಲಾರೆ," ಎಂದರು.

ಯೋಜನೆಯ ಕೌಂಟರಿನಲ್ಲಿ ರಮಿತಾ ಎಂಬ ಹುಡುಗಿ ಕುಳಿತಿದ್ದಳು. ಕಾರ್ಕಳದ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಠಾಣೆಯ ವರ್ತಕ ನಗರದಲ್ಲಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. "ಸಮಜ್ತಾ ಹೈ ಆಂಟಿ, ಬೋಲ್‌ನಾ ನಹೀ ಆತಾ," ಎಂದು ನಕ್ಕಳು; ತಿಳಿಯುತ್ತದೆ, ಆದರೆ ಆಡಲು ಬರುವುದಿಲ್ಲವಂತೆ.

"ಟೆನ್ಶನ್ ಮತ್ ಲೋ," ಎಂದಳು, ಚಿಂತೆ ಬೇಡವೆಂದು. ನಿಯಮ ಬದಲಾಗಿದೆಯಂತೆ. ಈಗ ಬಣ್ಣ ನೋಡುವುದಿಲ್ಲವಂತೆ. ಹಳದಿ, ಕೇಸರಿ, ಬಿಳಿ, ಯಾವ ಕಾರ್ಡಾದರೂ ಸರಿಯಂತೆ. ನನಗೆ ಕುಣಿಯುವಷ್ಟು ಖುಷಿಯಾಯಿತು. ಇದೇ ಕುರ್ಚಿಯಲ್ಲಿ ಕುಳಿತು ಮೊದಲು ಇಲ್ಲ ಇಲ್ಲ ಎನ್ನುತ್ತಿದ್ದೆ, ಈಗ ಹೌದು ಹೌದು ಎನ್ನುತ್ತೇನೆ ಎಂದು ಅವಳೇ ಖುಷಿಪಟ್ಟಳು. ಆಮೇಲೆ ಗಾಲಿ ಕುರ್ಚಿಯಲ್ಲಿದ್ದ ಹರಿಶ್ಚಂದ್ರನ ಕಡೆ ತಿರುಗಿ ಕೇಳಿದಳು. "ಕಾಕಾ, ರೇಶನ್ ಕಾರ್ಡ್?"

"ಇಲ್ಲ," ಎಂದ ಹರಿಶ್ಚಂದ್ರ.

"ಗಾಂವ್ ಕಾ? ಕರ್ನಾಟಕ ಕಾ ಭೀ ಚಲೇಗಾ, ಆಜ್‌ಕಲ್ ರಾಸ್ತಾ ಹೈ." ಊರಿನದ್ದಾದರೂ ಸರಿ, ಈಗ ಕರ್ನಾಟಕದ್ದೂ ನಡೆಯುತ್ತದೆ ಎಂದಳು.

"ಅದರಲ್ಲೂ ಹೆಸರಿಲ್ಲ ಮಗಾ."

ಅವಳ ಬೆರಳು ಕೀಬೋರ್ಡಿನ ಮೇಲೆಯೇ ನಿಂತಿತು. ಮೂವತ್ತು ವರ್ಷದಿಂದ ಇಲ್ಲಿದ್ದರೂ ಎಲ್ಲಿಯೂ ಇಲ್ಲವೇ? ಎಲ್ಲಿಯೂ ಇಲ್ಲ. ಪಕ್ಕದ ಬೆಂಚಿನಲ್ಲಿ ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಕುಳಿತಿದ್ದ ಒಬ್ಬ ಬಾಯಿ ಹಾಕಿದ. ಬಾಲಪ್ಪ ಅಂತ ಹೆಸರು, ಯಾದಗಿರಿ ಕಡೆಯವನು, ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಲೋಡಿಂಗ್ ಕೆಲಸ. ಪಾದದ ಮೇಲೆ ಕಬ್ಬಿಣದ ಸಳಿ ಬಿದ್ದಿತ್ತು.

"ಏನ್ರೀ ಅಕ್ಕಾರ, ನಾ ಬಂದು ಎಂಟು ತಿಂಗಳಾತು ನೋಡ್ರಿ," ಎಂದ. "ಊರಾಗಿನ ಕಾರ್ಡಿನ ಮ್ಯಾಲೆ ಮಾಡಿಸಿದ ಆರೋಗ್ಯ ಕಾರ್ಡು ಇಲ್ಲೂ ನಡೀತೈತಂತ, ಆಪರೇಷನ್ ಪುಕ್ಕಟೆ ಆತು. ನಿಮ್ಮ ಅಣ್ಣಾರು ಮೂವತ್ತು ವರ್ಷ ಇಲ್ಲೇ ಅದಾರ, ಅವರಿಗಿಲ್ಲಂದ್ರ ಹೆಂಗ್ರೀ?"

ಹೇಗೆಂದು ನನಗೆ ಗೊತ್ತಿತ್ತು. ಮುರಾರಿಯ ಮುಖ ನೋಡಿದೆ. ಅವರು ಗೋಡೆಯ ಮೇಲಿನ ಬೋರ್ಡು ಓದುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ!

ಹೇಳಿಯೇ ಬಿಡುತ್ತೇನೆ. ತೊಂಬತ್ತನಾಲ್ಕರಲ್ಲಿ ರೇಶನ್ನಿನಲ್ಲಿ ತಲೆಗೆ ಇಷ್ಟು ಎಂದು ಅಗ್ಗದ ಸಕ್ಕರೆ ಸಿಗುತ್ತಿತ್ತು. ಹೋಟೆಲಿಗೆ ಸಕ್ಕರೆ ಎಷ್ಟಿದ್ದರೂ ಸಾಲದು. ನನ್ನ ಮಾವ ಏನು ಮಾಡಿದರು? ಹೋಟೆಲಿನ ಕೆಲಸದವರನ್ನೆಲ್ಲ ತಮ್ಮ ಕಾರ್ಡಿನಲ್ಲಿ ಮನೆಮಂದಿ ಎಂದು ಬರೆಸಿದರು. ಬಟಾಟೆ ಸುಲಿಯುವವನು ಅಳಿಯ, ನೀರು ತುಂಬುವವನು ಷಡ್ಡಕ, ಲೋಟ ತೊಳೆಯುವ ಹರಿಶ್ಚಂದ್ರ ಮಗ. ಒಲೆಯ ಹತ್ತಿರ ಬಿಟ್ಟುಕೊಳ್ಳದವನನ್ನು ಕಾಗದದಲ್ಲಿ ಮಗ ಮಾಡಿಕೊಂಡರು! ಮಾವ ಒಬ್ಬರೇ ಅಲ್ಲ, ಆ ಕಾಲದಲ್ಲಿ ಹೀಗೆ ಮಾಡಿದ ಹೋಟೆಲಿನವರು ಇನ್ನೂ ಇದ್ದರು. ಯಾರಿಗೂ ಅದು ತಪ್ಪೆಂದೇ ಅನಿಸಲಿಲ್ಲ.

ಆದರೆ ಇಲ್ಲಿ ಹೆಸರು ಸೇರಬೇಕಾದರೆ ಊರಿನ ಕಾರ್ಡಿನಿಂದ ಹೆಸರು ಹೊಡೆಸಿದ ಪತ್ರ ಬೇಕು. ಮಾವ ಬಾಗಿಗೆ ಕಾಗದ ಬರೆದರು. ಅವಳು ಪಂಚಾಯತಿಗೆ ಹೋಗಿ, "ಬದುಕಿರುವ ಮಗನ ಹೆಸರು ಹೊಡೆಯುದಾ?" ಎಂದು ಅತ್ತಳಂತೆ. ಮಗನಿಗೆ ಒಳ್ಳೆಯದಾಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಹೆಬ್ಬೆಟ್ಟು ಒತ್ತಿದಳು. ಸಕ್ಕರೆ ಬಂತು. ಕೆಲವು ವರ್ಷಗಳ ನಂತರ ಸಕ್ಕರೆ ನಿಂತಿತು, ಹೆಸರುಗಳು ಹಾಗೇ ಉಳಿದವು. ಎರಡು ಸಾವಿರದ ಹನ್ನೊಂದರಲ್ಲಿ ಬೋಗಸ್ ಹೆಸರಿನ ತಪಾಸಣೆಯೆಂದು ಸುದ್ದಿ ಬಂದಾಗ ಮಾವ ಹೆದರಿ ಎಲ್ಲರ ಹೆಸರನ್ನೂ ಹೊಡೆಸಿ ಹಾಕಿದರು. ಬೇರೆಯವರು ಅಷ್ಟರಲ್ಲಿ ಊರು ಸೇರಿದ್ದರು. ಉಳಿದವನು ಹರಿಶ್ಚಂದ್ರ ಒಬ್ಬ. ಅಲ್ಲಿಂದಲೂ ಹೋಯಿತು, ಇಲ್ಲಿಂದಲೂ ಹೋಯಿತು. ಬಾಗಿ ತೀರಿಕೊಂಡಳು, ಆ ಮನೆಯ ಕಾರ್ಡು ಈಗ ತಂಗಿಯ ಗಂಡನ ಹೆಸರಿನಲ್ಲಿದೆ. ದಿನಕ್ಕೆ ಇನ್ನೂರು ಜನರ ಹೊಟ್ಟೆ ತುಂಬಿಸುವವನ ಹೆಸರು ಈ ದೇಶದ ಯಾವ ಅಂಗಡಿಯ ಅಕ್ಕಿ ಪುಸ್ತಕದಲ್ಲೂ ಇಲ್ಲ. ಎಂಥ ಪಾಪ ಕಟ್ಟಿಕೊಂಡೆವು ಮಾರಾಯರೇ!

ರಮಿತಾ ಬಿಡಲಿಲ್ಲ. ಕಾರ್ಡೇ ಇಲ್ಲದವರಿಗೂ ಹೊಸ ನಿಯಮದಲ್ಲಿ ದಾರಿಯುಂಟು ಎಂದಳು. ಹದಿನೈದು ವರ್ಷ ಇದೇ ರಾಜ್ಯದಲ್ಲಿ ವಾಸವಿದ್ದಾರೆ ಎಂದು ತಹಸೀಲ್ದಾರ ಕಚೇರಿಯಿಂದ ಪತ್ರ ತಂದರೆ ಸಾಕು. ಆಸ್ಪತ್ರೆಯಿಂದ ಅರ್ಜೆಂಟ್ ಚೀಟಿ ಅವಳೇ ಬರೆಸಿಕೊಟ್ಟಳು. ಆದರೆ ವಾಸಕ್ಕೆ ಆಧಾರ? ಅಟ್ಟದಲ್ಲಿ ಮಲಗಿದವನಿಗೆ ಬಾಡಿಗೆ ಪತ್ರ ಎಲ್ಲಿಂದ? ಲೈಟ್ ಬಿಲ್ ಎಲ್ಲಿಂದ? ಆಧಾರ್ ಕಾರ್ಡು ರಜೆಯಲ್ಲಿ ಊರಿಗೆ ಹೋದಾಗ ಮಾಡಿಸಿದ್ದು, ಅದರಲ್ಲಿ ಕಾಪುವಿನ ವಿಳಾಸ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಸುಮ್ಮನೆ ಹುಟ್ಟಲಿಲ್ಲ.

ಮನೆಗೆ ಹೋಗುವ ಲೋಕಲಿನಲ್ಲಿ ಠಾಣೆ ದಾಟಿದ ಕೂಡಲೇ ನನಗೆ ಹೊಳೆಯಿತು. ಎದ್ದು ನಿಂತೇ ಬಿಟ್ಟೆ. "ಮಾವನ ಹಳೇ ಕಾರ್ಡು!" ಎಂದೆ. "ತೊಂಬತ್ತನಾಲ್ಕರಿಂದ ಹನ್ನೊಂದರವರೆಗೆ, ಹದಿನೇಳು ವರ್ಷ! ಅದರಲ್ಲಿ ಹರಿಶ್ಚಂದ್ರನ ಹೆಸರಿದೆ, ಸರಕಾರದ ಮೊಹರೂ ಇದೆ!"

ಮುರಾರಿ ನನ್ನ ಸೆರಗು ಹಿಡಿದೆಳೆದು ಕೂರಿಸಿದರು. "ಮೆಲ್ಲಗೆ, ಮಾರಾಯ್ತಿ. ಅದರಲ್ಲಿ ಅಪ್ಪನ ಮಗ ಅಂತ ಉಂಟು. ಅಪ್ಪನ ಹೆಸರು ಹಾಳಾಗ್ತದೆ. ಕೇಸಾದ್ರೆ?"

"ಹಾಳಾಗ್ಲಿ!"

"ನಿನಗೇನು, ಬಾಯಿ ಉಂಟು ಅಂತ ಹೇಳ್ತೀ."

"ನನಗೆ ಬಾಯಿ ಉಂಟು, ನಿಮಗೆ ಎದೆ ಇಲ್ಲ. ಇದ್ದವನ ಎದೆ ಅಲ್ಲಿ ಒಡೀತಾ ಉಂಟು," ಎಂದೆ. ರೈಲು ಡಬ್ಬಿಯ ಜನವೆಲ್ಲ ನೋಡಿತು. ನೋಡಲಿ.

ಮಾವ ಒಂದು ಕಾಗದವನ್ನೂ ಎಸೆದವರಲ್ಲ. ಹೋಟೆಲಿನ ಅಟ್ಟ ಹತ್ತಿ ಹುಡುಕಿದೆವು. ಹಳೆಯ ಲೈಸೆನ್ಸು, ಹಾಲಿನವನ ಚೀಟಿ, ನಮ್ಮ ಮದುವೆಯ ಕರೆಯೋಲೆ, ಎಲ್ಲ ಸಿಕ್ಕಿತು. ಕಾರ್ಡಿಲ್ಲ. ನನಗೆ ಅಳುವೇ ಬಂತು. ಹರಿಶ್ಚಂದ್ರ ಮಲಗುವ ಚಾಪೆಯ ತಲೆದೆಸೆಯಲ್ಲಿ ಇಂಗಿನ ದೊಡ್ಡ ಡಬ್ಬವೊಂದಿತ್ತು. ಅವನು ದಿಂಬಿಗೆ ಒತ್ತು ಕೊಡಲು ಇಟ್ಟುಕೊಂಡದ್ದು. ಸುಮ್ಮನೆ ತೆರೆದೆ. ಒಳಗೆ ಮಾವ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಕಾರ್ಡು! ಹದಿನೇಳು ವರ್ಷದ ಮೊಹರು, ಹೆಸರು ಹೊಡೆದ ಕೆಂಪು ಗೆರೆ, ತಾರೀಖು, ಎಲ್ಲ ಸ್ಪಷ್ಟ. ಅವನ ಪ್ರಾಣದ ಕಾಗದದ ಮೇಲೆ ಅವನೇ ಇಷ್ಟು ವರ್ಷ ತಲೆಯಿಟ್ಟು ಮಲಗಿದ್ದ. ನಾನು ಅಟ್ಟದಿಂದಲೇ ಹೋ ಎಂದು ಕೂಗಿದೆ, ಕೆಳಗೆ ಯಾರೋ ಹೆದರಿ ತಟ್ಟೆ ಬೀಳಿಸಿದರು.

ಗುರುವಾರ ಮುರಾರಿ ಒಂದು ಉಪಾಯ ಹೂಡಿದರು. ಸುಳ್ಳೇ ಇದೆ, ಸುಳ್ಳೇ ಇರಲಿ. ಕಾರ್ಡಿನಲ್ಲಿ ಇದ್ದ ಹಾಗೆ ಹರಿಶ್ಚಂದ್ರ ತನ್ನ ತಮ್ಮನೆಂದೇ ಹೇಳಿಬಿಡೋಣ, ಯಾರಿಗೆ ಗೊತ್ತಾಗುತ್ತದೆ? ನಾನು ದೊಡ್ಡ ಸತ್ಯವಂತೆಯೇನಲ್ಲ, ನಾನೂ ಒಪ್ಪಿದೆ. ಅವರು ಆಸ್ಪತ್ರೆಗೆ ಹೋಗಿ ಅವನಿಗೆ ಪಾಠ ಹೇಳಿಕೊಟ್ಟು ಬಂದರು. "ಯಾರು ಕೇಳಿದ್ರೂ ತಮ್ಮ ಅಂತ ಹೇಳು. ಒಂದೇ ಶಬ್ದ. ಆಗ್ತದಾ?" ಅವನು "ಹೂಂ" ಎಂದನಂತೆ. ನಾನು ಆ ಹೊತ್ತಿಗೆ ಕಲ್ಯಾಣದ ತಹಸೀಲ್ದಾರ ಕಚೇರಿಯಲ್ಲಿ ಅರ್ಜಿ ತುಂಬಿ, ಕ್ಯೂನಲ್ಲಿ ನಿಂತು, ಮಧ್ಯೆ ನುಗ್ಗಿದ ಇಬ್ಬರನ್ನು ಬೈದು ಹಿಂದೆ ಕಳಿಸಿ, ಕಾಗದ ಒಳಗೆ ಕೊಟ್ಟೆ. ನಾಳೆ ಬನ್ನಿ ಎಂದರು. ಸರಕಾರಿ ಕಚೇರಿಗೆ ಶನಿವಾರ ರಜೆ, ನಾಳೆಯೇ ಕೊನೆ.

ಶುಕ್ರವಾರ ಹತ್ತಕ್ಕೇ ಹೋಗಿ ಕುಳಿತೆವು. ಹನ್ನೆರಡಾಯಿತು, ಎರಡಾಯಿತು. ಮೂರೂವರೆಗೆ ನಾಯಬ್ ತಹಸೀಲ್ದಾರರು ಒಳಗೆ ಕರೆದರು. ದಪ್ಪ ಕನ್ನಡಕದ ಹೆಂಗಸು, ನಗುವ ಸ್ವಭಾವವಲ್ಲ. ಕಾರ್ಡು ಕೈಗೆತ್ತಿಕೊಂಡು ಮೂಗು ಮುಚ್ಚಿದರು.

"ಹಿಂಗಾಚಾ ವಾಸ್ ಯೇತೋ," ಎಂದರು. ಇಂಗಿನ ವಾಸನೆ!

"ಹೋಟೆಲಿನದ್ದು, ಮೇಡಂ," ಎಂದೆ ಮರಾಠಿಯಲ್ಲಿ.

ಅವರು ಕಾರ್ಡು ನೋಡಿದರು, ಆಧಾರ್ ನೋಡಿದರು, ಮತ್ತೆ ಕಾರ್ಡು ನೋಡಿದರು. ಒಂದರಲ್ಲಿ ತಂದೆ ನನ್ನ ಮಾವ, ಇನ್ನೊಂದರಲ್ಲಿ ತಂದೆ ಬೇರೆ. ಅದೇಕೆ ಎಂದು ಕೇಳಿದರು. ನಾವು ಅಷ್ಟನ್ನು ಯೋಚಿಸಿಯೇ ಇರಲಿಲ್ಲ! ಮುರಾರಿ ಏನೋ ತೊದಲಿದರು. ಅಧಿಕಾರಿ ಆಸ್ಪತ್ರೆಯ ಚೀಟಿಯಲ್ಲಿದ್ದ ರಮಿತಾಳ ನಂಬರಿಗೆ ವಿಡಿಯೋ ಕಾಲ್ ಹಚ್ಚಿದರು. ರಮಿತಾ ಫೋನು ಹಿಡಿದು ವಾರ್ಡಿಗೆ ಓಡಿದಳು. ಪರದೆಯ ಮೇಲೆ ಹರಿಶ್ಚಂದ್ರನ ಮುಖ ಬಂತು, ಮೂಗಿನಲ್ಲಿ ನಳಿಗೆ.

ಅಧಿಕಾರಿ ಫೋನನ್ನು ಮುರಾರಿಯ ಕಡೆ ತಿರುಗಿಸಿ ಹರಿಶ್ಚಂದ್ರನನ್ನು ಕೇಳಿದರು. "ಹೇ ತುಮ್ಚೇ ಕೋಣ?" ಇವರು ನಿಮಗೆ ಏನಾಗಬೇಕು?

ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದೇ ಶಬ್ದ, ಹರಿಶ್ಚಂದ್ರ. ನಿನ್ನ ಕಾಲಿಗೆ ಬೀಳುತ್ತೇನೆ, ಒಂದೇ ಶಬ್ದ.

"ಮಾಲಕ್," ಎಂದ ಹರಿಶ್ಚಂದ್ರ. ಕೈ ಮುಗಿದ ಕೂಡ.

ಮುರಾರಿ ಮರಾಠಿಯಲ್ಲಿ, "ಔಷಧಿಯ ಅಮಲು ಮೇಡಂ, ಅವನಿಗೆ ಎಚ್ಚರ ಇಲ್ಲ," ಎಂದರು. ಫೋನಿನೊಳಗಿಂದ ಆ ಪುಣ್ಯಾತ್ಮ, "ಇಲ್ಲ ಮೇಡಂ, ನನಗೆ ಪೂರಾ ಎಚ್ಚರ ಉಂಟು," ಎಂದು ಶುದ್ಧ ಮರಾಠಿಯಲ್ಲಿ ಸಾಕ್ಷಿ ಹೇಳಿದ! ಬಾಗಿಲಲ್ಲಿ ನಿಂತಿದ್ದ ಸಿಪಾಯಿ ನಕ್ಕ. ಅಧಿಕಾರಿ ಫೋನಿಟ್ಟು, ನಮ್ಮ ಅರ್ಜಿಯನ್ನು ಮಡಚಿ ಮೇಜಿನ ಆ ತುದಿಗೆ ಸರಿಸಿದರು. ಖೊಟ್ಟಿ ಕಾಗದದ ಮೇಲೆ ತಾನು ಸಹಿ ಹಾಕುವುದಿಲ್ಲ, ನೀವು ಹೋಗಬಹುದು ಎಂದರು. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ ಬಾಕಿ.

ಮುರಾರಿ ಎದ್ದರು. ನಾನು ಏಳಲಿಲ್ಲ. ನನಗೆ ಸಿಟ್ಟು ಬಂದರೆ ಹಿಂದು ಮುಂದು ತಿಳಿಯುವುದಿಲ್ಲ, ಅವತ್ತು ಅದೇ ಒಳ್ಳೆಯದಾಯಿತು.

"ಮೇಡಂ, ಸಂಬಂಧ ಖೊಟ್ಟಿ, ವಾಸ ಖೊಟ್ಟಿ ಅಲ್ಲ!" ಎಂದೆ. ಎಲ್ಲವನ್ನೂ ಹೇಳಿದೆ. ಸಕ್ಕರೆ ಹೇಳಿದೆ, ಅಳಿಯ ಷಡ್ಡಕರನ್ನು ಹೇಳಿದೆ, ಬಾಗಿಯ ಹೆಬ್ಬೆಟ್ಟು ಹೇಳಿದೆ, ಹೆಸರು ಹೊಡೆಸಿದ್ದು ಹೇಳಿದೆ. "ಸುಳ್ಳು ಬರೆಸಿದ್ದು ನನ್ನ ಮಾವ. ಸಕ್ಕರೆ ಹಾಕಿದ ಚಹಾ ಮಾರಿ ಉಂಡದ್ದು ನಾವು. ಈ ಮನುಷ್ಯ ಆ ಸಕ್ಕರೆಯ ಒಂದು ಚಮಚ ತಿಂದವನಲ್ಲ, ಚಹಾವನ್ನೂ ಕುಡಿಯುವುದಿಲ್ಲ. ಆದರೆ ಅಷ್ಟೂ ವರ್ಷ ಇವನು ಡೊಂಬಿವಲಿಯಲ್ಲೇ ಇದ್ದ. ಇಲ್ಲದಿದ್ದರೆ ನನ್ನ ಮಾವ ಇವನ ತಲೆ ತೋರಿಸಿ ಸಕ್ಕರೆ ತರುತ್ತಿದ್ದದ್ದು ಹೇಗೆ? ಈಗ ನೀವೇ ನೋಡಿದಿರಿ, ಪ್ರಾಣ ಹೋಗುವಾಗಲೂ ಅವನಿಗೆ ಒಂದು ಸುಳ್ಳು ಬಾಯಿಗೆ ಬರಲಿಲ್ಲ. ಅವನನ್ನೇ ಕೇಳಿ, ಎಷ್ಟು ವರ್ಷದಿಂದ ಇಲ್ಲಿದ್ದೀ ಎಂದು. ಅವನು ಹೇಳಿದ್ದಕ್ಕಿಂತ ದೊಡ್ಡ ಕಾಗದ ಬೇಕೇ ನಿಮಗೆ?"

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

"ಇದನ್ನೆಲ್ಲ ಬರೆದುಕೊಡುತ್ತೀರಾ?" ಎಂದು ಮರಾಠಿಯಲ್ಲಿ ಕೇಳಿದರು. "ಈಗ ಕಾರ್ಡಿನಲ್ಲಿ ಕುಟುಂಬದ ಮುಖ್ಯಸ್ಥೆ ನೀವು. ಬರೆದುಕೊಟ್ಟರೆ ನಾಳೆ ನಿಮ್ಮ ಮೇಲೆಯೇ ನೋಟಿಸು ಬರಬಹುದು."

"ಬರಲಿ. ಗಲ್ಲೆಯಲ್ಲೇ ಕುಳಿತಿರುತ್ತೇನೆ, ಎಲ್ಲಿಗೂ ಓಡುವುದಿಲ್ಲ."

ಬರೆದೆ. ಕೊನೆಯಲ್ಲಿ ಸಹಿ ಹಾಕಿದೆ. ಪೆನ್ನು ಮುಚ್ಚುವ ಮೊದಲು ಪಕ್ಕದಿಂದ ಒಂದು ಕೈ ಬಂತು. ಮುರಾರಿ! ಮೂರು ದಿನದಿಂದ ಅಪ್ಪನ ಹೆಸರು, ಅಪ್ಪನ ಹೆಸರು ಎಂದು ಜಪ ಮಾಡುತ್ತಿದ್ದವರು ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರ ಮೇಲೆ ಅಷ್ಟು ಪ್ರೀತಿ ನನಗೆ ಯಾವತ್ತೂ ಉಕ್ಕಿರಲಿಲ್ಲ.

ಅಧಿಕಾರಿ ಮತ್ತೆ ಫೋನು ಹಚ್ಚಿದರು. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ಕೇಳಿದರು. "ಮೂವತ್ತಮೂರು ವರ್ಷ ಮೇಡಂ. ನಡುವೆ ಟೈಫಾಯಿಡ್ ಆದಾಗ ಎರಡು ತಿಂಗಳು ಊರಲ್ಲಿದ್ದೆ, ಅದನ್ನು ಕಳೀಬೇಕು," ಎಂದ ಹರಿಶ್ಚಂದ್ರ. ಆ ಹೆಂಗಸು ಮೊದಲ ಸಲ ನಕ್ಕರು.

ಅಲ್ಲಿಗೆ ಮುಗಿಯಲಿಲ್ಲ, ಸರ್ವರ್ ಡೌನ್! ನಾಲ್ಕೂಮುಕ್ಕಾಲು, ಐದು, ಐದೂಕಾಲು. ಕಂಪ್ಯೂಟರಿನ ಗುಮಾಸ್ತ ಎದ್ದು ಚೀಲ ಹೆಗಲಿಗೇರಿಸಿದ. ನಾನು ಬಾಗಿಲಿಗೆ ಅಡ್ಡ ನಿಂತೆ. "ಅಣ್ಣಾ, ನೀನು ಹೋಗಬೇಕಾದರೆ ನನ್ನನ್ನು ದಾಟಿ ಹೋಗಬೇಕು," ಎಂದೆ. ನನ್ನ ಗಾತ್ರ ನೋಡಿ ಅವನು ವಾಪಸು ಕುಳಿತ. ರಮಿತಾ ಎರಡೆರಡು ನಿಮಿಷಕ್ಕೆ ಮೆಸೇಜು ಹಾಕುತ್ತಿದ್ದಳು. ಐದೂ ನಲವತ್ತಾರಕ್ಕೆ ಪರದೆ ಬೆಳಗಿತು. ಅಧಿಕಾರಿ ನಿಂತುಕೊಂಡೇ ಡಿಜಿಟಲ್ ಸಹಿ ಒತ್ತಿದರು. ಪತ್ರ ನನ್ನ ಫೋನಿಗೆ ಬಂತು, ನಾನು ರಮಿತಾಳಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಒಂದು ಗೆರೆ, ಎರಡು ಗೆರೆ, ನೀಲಿ ಗೆರೆ. ಮರುಕ್ಷಣ ಅವಳ ಫೋನು.

"ಬಂತು ಆಂಟಿ! ಬಂತು, ಬಂತು, ಹಾಕಿದೆ!" ಎಂದು ಕಿರುಚಿದಳು, ಕನ್ನಡದಲ್ಲಿ. ಹಿಂದಿ ಎಲ್ಲಿ ಹೋಯಿತೋ! ಆರಕ್ಕೆ ಎಂಟು ನಿಮಿಷ ಬಾಕಿ ಇತ್ತು. ನಾನು ಗುಮಾಸ್ತನ ಕೈ ಹಿಡಿದು ಕುಲುಕಿದೆ, ಸಿಪಾಯಿಯ ಕೈ ಕುಲುಕಿದೆ, ಗಂಡನನ್ನು ಎಲ್ಲರೆದುರು ತಬ್ಬಿಕೊಂಡೆ. ಅವರಿಗೆ ನಾಚಿಕೆಯೋ ನಾಚಿಕೆ.

ಶನಿವಾರ ಯೋಜನೆಯ ಒಪ್ಪಿಗೆ ಬಂತು. ಸೋಮವಾರ ಬೆಳಿಗ್ಗೆ ಏಳಕ್ಕೆ ಹರಿಶ್ಚಂದ್ರನಿಗೆ ಹಸಿರು ಬಟ್ಟೆ ಹಾಕಿ ಸ್ಟ್ರೆಚರಿನಲ್ಲಿ ಮಲಗಿಸಿದ್ದರು. ರಮಿತಾ ಡ್ಯೂಟಿಗೆ ಮೊದಲೇ ಬಂದಿದ್ದಳು. ನರ್ಸು ಒಪ್ಪಿಗೆಯ ಫಾರ್ಮು ತಂದಳು. ಹತ್ತಿರದ ಸಂಬಂಧಿಯ ಸಹಿ, ಅದರ ಕೆಳಗೆ ಸಂಬಂಧ ಏನು ಎಂಬ ಜಾಗ. ತಂಗಿ ಊರಿನಿಂದ ಇನ್ನೂ ರೈಲಿನಲ್ಲಿದ್ದಳು. ಮುರಾರಿ ಪೆನ್ನು ತೆಗೆದುಕೊಂಡರು, ಸಹಿ ಹಾಕಿದರು, ಕೆಳಗೆ ಏನೋ ಬರೆದರು.

"ಎಂತ ಬರೆದ್ರಿ?" ಎಂದು ಕೇಳಿದ ಹರಿಶ್ಚಂದ್ರ. ಆ ಸ್ಥಿತಿಯಲ್ಲೂ ಅವನಿಗೆ ಅನುಮಾನ.

"ಅಣ್ಣ," ಎಂದರು ಮುರಾರಿ.

ಈಗ ತಿದ್ದುತ್ತಾನೆ, ಈ ಮಹಾರಾಯ ಈಗ ಮಾಲಕ್ ಎನ್ನುತ್ತಾನೆ, ನರ್ಸು ಫಾರ್ಮು ಹರಿಯುತ್ತಾಳೆ! ರಮಿತಾ ಅವನ ಮೇಲೆ ಬಾಗಿ, "ಕಾಕಾ, ಸಹೀ ಹೈ ನಾ?" ಎಂದಳು.

ಹರಿಶ್ಚಂದ್ರ ಮುರಾರಿಯ ಮುಖವನ್ನೇ ನೋಡುತ್ತ ಮಲಗಿದ್ದ. ಅವನ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಗೆ ಹೋಯಿತು.

"ಹೌದು," ಎಂದ. "ಸರಿ ಉಂಟು."

ಬಾಗಿಲು ಮುಚ್ಚಿತು. ಆರು ತಾಸು ಹೊರಗೆ ಕುಳಿತೆವು. ಬಾಲಪ್ಪ ಕುಂಟುತ್ತ ಬಂದು ನಮ್ಮ ಜೊತೆ ಕುಳಿತ, "ಏನಾಗಂಗಿಲ್ಲ ತಗೀರಿ ಅಕ್ಕಾರ," ಎಂದು ಗಂಟೆಗೊಮ್ಮೆ ಹೇಳಿದ. ನಾನು ಆವತ್ತು ಯಾರಿಗೂ ಬೈಯಲಿಲ್ಲ. ಒಂದೂಕಾಲಿಗೆ ಬಾಗಿಲು ತೆರೆಯಿತು. ನರ್ಸು ಹೊರಗೆ ಬಂದು ಕಾಗದ ನೋಡಿ ಕೂಗಿದಳು. "ಹರಿಶ್ಚಂದ್ರ ಯಾಂಚೇ ಭಾವು ಕೋಣ?" ಹರಿಶ್ಚಂದ್ರನ ಅಣ್ಣ ಯಾರು?

"ನಾನು! ನಾನು!" ಎಂದು ಮುರಾರಿ ಕನ್ನಡದಲ್ಲೇ ಕೂಗಿಕೊಂಡು ಓಡಿದರು. ಒಂದು ಚಪ್ಪಲಿ ಬೆಂಚಿನ ಕೆಳಗೇ ಉಳಿಯಿತು. ನಾನು ಅದನ್ನು ಕೈಯಲ್ಲಿ ಹಿಡಿದು ಅವರ ಹಿಂದೆ ಓಡಿದೆ. ಡಾಕ್ಟರು ಮುಖದ ಬಟ್ಟೆ ಸರಿಸಿ ನಗುತ್ತ ನಿಂತಿದ್ದರು. ಎಲ್ಲ ಸರಿಯಾಗಿದೆ, ತಮ್ಮನನ್ನು ಸಂಜೆ ನೋಡಬಹುದು ಎಂದರು. ಮುರಾರಿ ಬರಿಗಾಲಲ್ಲಿ ನಿಂತು, "ಹೂಂ, ತಮ್ಮ, ತಮ್ಮ," ಎನ್ನುತ್ತ ಅಳುತ್ತಿದ್ದರು.